ಹೊಸ ಗಣಕಯಂತ್ರಕ್ಕೆ ದುಭಾಷಿಗಳು

ಕಳೆದ ಬೇಸಗೆಯ ಒಂದು ರಾತ್ರಿ, ಹತ್ತು ಗಂಟೆಯ ಹೊತ್ತಿಗೆ, ನೆರೆಮನೆಯ ಹುಡುಗನೊಬ್ಬನು ನಮ್ಮ ಬಾಗಿಲು ತಟ್ಟಿದನು. ಕಾಲೇಜಿನ ಮೊದಲನೆಯ ವರ್ಷ ಮುಗಿಸಿದವನು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಎರಡು ದಿನ ಸುತ್ತಿ, ಚೌಕಾಸಿ ಮಾಡಿ, ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಆಟವಾಡುವುದಕ್ಕೆಂದೇ ಒಂದು ಗಣಕಯಂತ್ರವನ್ನು ತನ್ನ ಕೈಯಿಂದಲೇ ಜೋಡಿಸಿದ್ದನು. ಹಣ ತಂದೆಯದು, ವರ್ಷಗಟ್ಟಲೆ ಕೂಡಿಟ್ಟದ್ದು. ಗುಂಡಿ ಒತ್ತಿದೊಡನೆಯೇ ಪಂಖಗಳು ತಿರುಗಿದುವು, ಬಣ್ಣಬಣ್ಣದ ದೀಪಗಳು ಹತ್ತಿಕೊಂಡುವು, ತೆರೆಯ ಮೇಲೆ ಅಕ್ಷರಗಳೂ ಮೂಡಿದುವು. ವಿಂಡೋಸ್ ೧೧ನ್ನು ಸ್ಥಾಪಿಸುವ ಕೆಲಸವು ಮುಕ್ಕಾಲು ಪಾಲು ಸಾಗಿ ಅಲ್ಲಿಗೆ ನಿಂತುಬಿಟ್ಟಿತು. ಅಂತರಜಾಲದ ಸಂಪರ್ಕ ಕೊಡು ಎಂದು ಯಂತ್ರವು ಕೇಳುತ್ತಿತ್ತು. ಸಂಪರ್ಕ ಕೊಡೋಣವೆಂದರೆ ವೈ-ಫೈ ಜಾಲಗಳ ಪಟ್ಟಿಯೇ ಬರಿದಾಗಿತ್ತು.

“ಸಾರ್, ಬೋರ್ಡೇ ಕೆಟ್ಟದ್ದು ಬಂದಿದೆ ಅಂತ ಕಾಣುತ್ತೆ. ಅಪ್ಪನಿಗೆ ಹೇಗೆ ಹೇಳೋದು?” ಎಂದನು ಹುಡುಗ.

ಬೋರ್ಡು ಕೆಟ್ಟಿರಲಿಲ್ಲ. ಅದರಲ್ಲಿದ್ದ ವೈ-ಫೈ ಸಾಧನವೂ ಆರೋಗ್ಯವಾಗಿಯೇ ಇದ್ದಿತು. ಇದ್ದ ತೊಂದರೆ ಒಂದೇ: ಆ ಸಾಧನದ ಭಾಷೆ ಬಲ್ಲವರು ಆ ಪೆಟ್ಟಿಗೆಯೊಳಗೆ ಯಾರೂ ಇರಲಿಲ್ಲ.

ಇಂಥ ಭಾಷೆ ಬಲ್ಲ ತಂತ್ರಾಂಶವನ್ನು ಇಂಗ್ಲಿಷಿನಲ್ಲಿ ಡ್ರೈವರ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನೇ ಅನುಸರಿಸಿ ‘ಚಾಲಕ’ ಎಂದು ಬರೆಯುವ ರೂಢಿಯೂ ಬಂದಿದೆ. ನಮಗೆ ಈ ಹೆಸರು ಅಷ್ಟು ಹಿಡಿಸದು. ಚಾಲಕನೆಂದರೆ ಬಸ್ಸಿನ ಮುಂದೆ ಕುಳಿತು ಅದನ್ನು ಓಡಿಸುವವನ ಚಿತ್ರ ಕಣ್ಣಿಗೆ ಬರುತ್ತದೆ. ಈ ತಂತ್ರಾಂಶವು ಮಾಡತಕ್ಕದ್ದು ಹಿಂದಿನ ಕಾಲದ ಆಸ್ಥಾನಗಳಲ್ಲಿದ್ದ ದುಭಾಷಿಯ ಕೆಲಸ. ಒಂದು ಕಡೆ ಅರಸ, ಇನ್ನೊಂದು ಕಡೆ ದೂರದೇಶದ ವರ್ತಕ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನಡುವೆ ದುಭಾಷಿ ನಿಂತು ಇಬ್ಬರ ವ್ಯವಹಾರವನ್ನೂ ನಡೆಸಿಕೊಡುತ್ತಾನೆ. ಇಲ್ಲಿ ಅರಸನ ಸ್ಥಾನದಲ್ಲಿರುವುದು ವಿಂಡೋಸ್‌ನಂಥ ಕಾರ್ಯನಿರ್ವಹಣಾ ವ್ಯವಸ್ಥೆ. ವರ್ತಕರೆಂದರೆ ಗ್ರಾಫಿಕ್ಸ್ ಕಾರ್ಡು, ವೈ-ಫೈ, ಧ್ವನಿಯ ಚಿಪ್ಪು ಮೊದಲಾದುವು.

ಹಾಗಾದರೆ ದುಭಾಷಿಗಳು ಬರುವುದಕ್ಕೆ ಮೊದಲೇ ತೆರೆಯ ಮೇಲೆ ಅಕ್ಷರಗಳು ಮೂಡಿದ್ದು ಹೇಗೆ ಎಂದು ವಾಚಕರು ಕೇಳಬಹುದು. ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ಪು ಉಂಟು. ವಿದ್ಯುತ್ತು ಹರಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವುದು ಅದರಲ್ಲಿ ಬರೆದಿಟ್ಟಿರುವ ಆದೇಶಗಳು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರು ಹೊರಬಂದಾಗ ಇದಕ್ಕೆ ಬಯಾಸ್ ಎಂದು ಹೆಸರಿತ್ತು. ಇಂದಿನ ಯಂತ್ರಗಳಲ್ಲಿ ಅದರ ಸ್ಥಾನವನ್ನು ಯು.ಇ.ಎಫ್.ಐ. ಆಕ್ರಮಿಸಿಕೊಂಡಿದೆ. ಪ್ರೊಸೆಸರು ನೆಟ್ಟಗಿದೆಯೇ, ಸ್ಮೃತಿಯ ಪಟ್ಟಿಗಳು ತಮ್ಮ ಗಾಡಿಯಲ್ಲಿ ಕುಳಿತಿವೆಯೇ, ಕೀಲಿಮಣೆ ಇದೆಯೇ ಎಂದು ವಿಚಾರಿಸಿ, ಚಿತ್ರ ತೋರಿಸುವ ಸಾಧನವನ್ನು ಅತ್ಯಂತ ಸರಳವಾದ ಒಂದು ಸ್ಥಿತಿಗೆ ತಂದು ನಿಲ್ಲಿಸುವುದು ಅದರ ಕೆಲಸ. ವಿಂಡೋಸ್ ತನ್ನ ಬುತ್ತಿಯಲ್ಲಿ ತಂದಿರುವ ಸಾಮಾನ್ಯ ಚಿತ್ರ-ಡ್ರೈವರು ಆ ಸರಳ ಸ್ಥಿತಿಯನ್ನೇ ಬಳಸಿಕೊಂಡು ಅಕ್ಷರ ಬರೆಯುತ್ತದೆ. ಸಂತೆಯಲ್ಲಿ ಭಾಷೆ ಬಾರದವರು ಕೈಸನ್ನೆಯಿಂದ ಬೆಲೆ ಕೇಳುವಂತೆ ಇದು. ಬದನೆಕಾಯಿ ಕೊಳ್ಳಲು ಕೈಸನ್ನೆ ಸಾಕು. ಜಮೀನು ಕೊಳ್ಳಲು ಸಾಲದು. ಹಲವು ಸಾವಿರ ಸಣ್ಣ ಗಣಕಗಳನ್ನು ಒಡಲಲ್ಲಿಟ್ಟುಕೊಂಡ ಗ್ರಾಫಿಕ್ಸ್ ಕಾರ್ಡು ಎದುರಿಗೇ ಇದ್ದರೂ, ಅದಕ್ಕೆ ಕೆಲಸ ಹಂಚುವ ಬಗೆ ಈ ಸಾಮಾನ್ಯ ಡ್ರೈವರಿಗೆ ತಿಳಿಯದು.

ಪ್ರತಿಯೊಂದು ಸಾಧನವೂ ತನ್ನ ಪರಿಚಯವನ್ನು ಮಾತ್ರ ತಾನೇ ಹೇಳಿಕೊಳ್ಳಬಲ್ಲದು. ಕೇಳಿದೊಡನೆ ಅದು ಎರಡು ಸಂಖ್ಯೆಗಳನ್ನು ಒಪ್ಪಿಸುತ್ತದೆ: ಒಂದು ತಯಾರಕನದು, ಇನ್ನೊಂದು ಸಾಧನದ್ದು. ಈ ಸಂಖ್ಯೆಗಳು ಷೋಡಶಮಾನ ಪದ್ಧತಿಯಲ್ಲಿರುತ್ತವೆ. ಎನ್‌ವಿಡಿಯಾ ಸಂಸ್ಥೆಯ ಸಂಖ್ಯೆ ೧೦ಡಿಇ; ಎ.ಎಂ.ಡಿ.ಯ ಗ್ರಾಫಿಕ್ಸ್ ಕಾರ್ಡುಗಳದು ೧೦೦೨. ಇಂಟೆಲ್ ಸಂಸ್ಥೆಯವರದು ೮೦೮೬. ೧೯೭೮ರಲ್ಲಿ ತಾವು ಹೊರತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಅವರು ಮನೆತನದ ಗುರುತಾಗಿ ಇಟ್ಟುಕೊಂಡಿದ್ದಾರೆ. ವಿಂಡೋಸ್ ಈ ಸಂಖ್ಯೆಗಳನ್ನು ಹಿಡಿದು ತನ್ನ ಉಗ್ರಾಣದಲ್ಲಿ ತಕ್ಕ ದುಭಾಷಿಯನ್ನು ಹುಡುಕುತ್ತದೆ. ಸಿಕ್ಕದಿದ್ದರೆ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯಲ್ಲಿ ಆ ಸಾಧನದ ಪಕ್ಕಕ್ಕೆ ಒಂದು ಹಳದಿ ತ್ರಿಕೋನವನ್ನು ಬರೆದು ಸುಮ್ಮನಾಗುತ್ತದೆ. ಹೆಸರು ತಿಳಿಯದ ಸಾಧನದ ಈ ಸಂಖ್ಯೆಯನ್ನು ನಾವು ಅದೇ ಪಟ್ಟಿಯಲ್ಲಿ ತೆರೆದು ನೋಡಬಹುದು. ತ್ರಿಕೋನ ಕಂಡೊಡನೆ ಹೆದರುವುದಕ್ಕಿಂತ ಸಂಖ್ಯೆ ಓದುವ ಅಭ್ಯಾಸ ಲೇಸು.

ಹಿಂದೆ ಇದಕ್ಕಿಂತಲೂ ಕಷ್ಟವಿತ್ತು. ಡಾಸ್ ವ್ಯವಸ್ಥೆಯ ಕಾಲದಲ್ಲಿ ಧ್ವನಿಯ ಕಾರ್ಡಿಗೆ ಎಲ್ಲರಿಗೂ ಸಾಮಾನ್ಯವಾದ ದುಭಾಷಿಯೇ ಇರಲಿಲ್ಲ. ೧೯೮೭ರ ಆಡ್‌ಲಿಬ್, ೧೯೮೯ರ ಸೌಂಡ್ ಬ್ಲಾಸ್ಟರ್ ಮೊದಲಾದ ಕಾರ್ಡುಗಳ ಭಾಷೆಗಳನ್ನು ಪ್ರತಿಯೊಂದು ಆಟದ ಕರ್ತೃವೂ ತಾನೇ ಕಲಿತು ತನ್ನ ಆಟದೊಳಗೆ ಸೇರಿಸಬೇಕಾಗಿತ್ತು. ಆಟ ಕೊಂಡವನು ಮೊದಲು ಕಾರ್ಡಿನ ವಿಳಾಸ ೨೨೦ ಹೌದೇ, ಅಡಚಣೆ ಸಂಕೇತದ ಸಾಲು ೫ ಆಗಿರಬೇಕೇ ೭ ಆಗಿರಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಉತ್ತರ ತಪ್ಪಿದರೆ ಆಟ ಮೂಕವಾಗುತ್ತಿತ್ತು, ಇಲ್ಲವೇ ಯಂತ್ರವೇ ಸ್ತಂಭಿಸುತ್ತಿತ್ತು. ೧೯೯೪ರ ಕ್ರಿಸ್‌ಮಸ್ ಹಬ್ಬಕ್ಕೆ ಅಮೆರಿಕದಲ್ಲಿ ಡಿಸ್ನಿ ಸಂಸ್ಥೆಯವರು ಮಕ್ಕಳಿಗಾಗಿ ‘ಲಯನ್ ಕಿಂಗ್’ ಕಥೆಯ ಸಿ.ಡಿ.ಯೊಂದನ್ನು ಹೊರತಂದರು. ಹಬ್ಬದ ದಿನ ಉಡುಗೊರೆ ಬಿಚ್ಚಿ ಯಂತ್ರಕ್ಕೆ ಹಾಕಿದ ಅನೇಕ ಮನೆಗಳಲ್ಲಿ ಸಿಂಹದ ಮರಿಯ ಬದಲು ದೋಷದ ಸೂಚನೆ ಕಾಣಿಸಿತು. ಆ ಯಂತ್ರಗಳ ಚಿತ್ರ-ಡ್ರೈವರಿಗೂ ಆ ಕಾರ್ಯಕ್ರಮಕ್ಕೂ ಹೊಂದಿಕೆಯಾಗಿರಲಿಲ್ಲ. ಅತ್ತ ಮಕ್ಕಳ ತಂದೆತಾಯಿಗಳು ದೂರವಾಣಿಯಲ್ಲಿ ಆಡಿದ ಮಾತುಗಳನ್ನು ಊಹಿಸಿಕೊಳ್ಳಬಹುದು. ಮೈಕ್ರೊಸಾಫ್ಟ್ ಸಂಸ್ಥೆಯು ೧೯೯೫ರಲ್ಲಿ ಡೈರೆಕ್ಟ್‌ಎಕ್ಸ್ ಎಂಬ ಏರ್ಪಾಟನ್ನು ತಂದುದರ ಹಿಂದೆ ಇಂಥ ಅನುಭವಗಳಿದ್ದುವು. ಆಟದವರು ಒಂದೇ ನಿಯತ ಭಾಷೆಯಲ್ಲಿ ಬರೆಯಲಿ. ಕಾರ್ಡಿನ ತಯಾರಕರು ಆ ಭಾಷೆಯನ್ನು ತಮ್ಮ ಕಾರ್ಡಿಗೆ ತಿಳಿಸುವ ಡ್ರೈವರನ್ನು ಕೊಡಲಿ ಎಂಬುದು ಅದರ ತತ್ತ್ವ. ಇಂದಿಗೂ ಆಟಗಳು ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಒಪ್ಪಂದದ ಮೇಲೆ.

ಇನ್ನು ಹುಡುಗನ ಯಂತ್ರಕ್ಕೆ ಬರೋಣ. ಅವನ ಮುಂದಿದ್ದ ಒಗಟು ಸ್ವಾರಸ್ಯವಾದದ್ದು: ಜಾಲವನ್ನು ಸೇರಲು ಡ್ರೈವರು ಬೇಕು, ಡ್ರೈವರನ್ನು ತರಲು ಜಾಲ ಬೇಕು. ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಬೋರ್ಡು ಹೊಸದು, ಅದರ ವೈ-ಫೈ ಚಿಪ್ಪಿಗೆ ಬೇಕಾದ ದುಭಾಷಿಯು ವಿಂಡೋಸ್ ಸ್ಥಾಪನೆಯ ಬುತ್ತಿಯಲ್ಲಿ ಇರಲಿಲ್ಲ. ಇದಕ್ಕೆ ಎರಡು ಉಪಾಯಗಳುಂಟು. ಮೊದಲೇ ಇನ್ನೊಂದು ಗಣಕದಲ್ಲಿ ಬೋರ್ಡಿನ ತಯಾರಕರ ಜಾಲತಾಣವನ್ನು ತೆರೆದು, ಬೋರ್ಡಿನ ಮೇಲೆ ಅಚ್ಚಾಗಿರುವ ಹೆಸರನ್ನು ಅಕ್ಷರಶಃ ಹೋಲಿಸಿ, ಜಾಲದ ಡ್ರೈವರುಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಂಡಿರುವುದು ಒಂದು. ಒಂದೇ ಮಾದರಿಯ ಬೋರ್ಡಿಗೆ ಎರಡು ಮೂರು ಪರಿಷ್ಕೃತ ರೂಪಗಳಿದ್ದು, ಒಂದೊಂದರಲ್ಲಿ ಒಂದೊಂದು ವೈ-ಫೈ ಚಿಪ್ಪು ಇರುವುದುಂಟು. ಆದುದರಿಂದ ಪರಿಷ್ಕರಣದ ಸಂಖ್ಯೆಯನ್ನೂ ನೋಡಬೇಕು. ಎರಡನೆಯದು ಹೊತ್ತುಮೀರಿದ ರಾತ್ರಿಗೆ ತಕ್ಕದ್ದು. ಆಂಡ್ರಾಯ್ಡ್ ಫೋನನ್ನು ಯು.ಎಸ್.ಬಿ. ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಫೋನಿನಲ್ಲಿ ‘ಯು.ಎಸ್.ಬಿ. ಟೆದರಿಂಗ್’ ಎಂಬುದನ್ನು ತೆರೆದರೆ ಯಂತ್ರಕ್ಕೆ ಫೋನು ಒಂದು ಜಾಲದ ಕಾರ್ಡಿನಂತೆ ಕಾಣುತ್ತದೆ. ಆ ಬಗೆಯ ಕಾರ್ಡಿನ ಭಾಷೆ ವಿಂಡೋಸ್‌ಗೆ ಹುಟ್ಟಿನಿಂದಲೇ ಗೊತ್ತು. ನಾವು ಹಾಗೆಯೇ ಮಾಡಿದೆವು. ಎರಡು ನಿಮಿಷದಲ್ಲಿ ಸ್ಥಾಪನೆ ಮುಂದುವರಿಯಿತು. ಹುಡುಗನ ಮುಖದಲ್ಲಿ ರಕ್ತ ಹರಿಯಿತು.

ಸ್ಥಾಪನೆ ಮುಗಿದೊಡನೆಯೇ ‘ವಿಂಡೋಸ್ ಅಪ್‌ಡೇಟ್’ಗೆ ಕೆಲಸ ಮಾಡಲು ಬಿಡುವುದು ಒಳ್ಳೆಯದು. ಹಲವು ಡ್ರೈವರುಗಳು ಅದರಿಂದಲೇ ಬಂದು ಕುಳಿತುಕೊಳ್ಳುತ್ತವೆ. ಅನಂತರ ಬೋರ್ಡಿನ ಚಿಪ್‌ಸೆಟ್ಟಿನ ಡ್ರೈವರು. ಇದು ಕಣ್ಣಿಗೆ ಕಾಣುವ ಯಾವ ಚಮತ್ಕಾರವನ್ನೂ ಮಾಡದಾದ್ದರಿಂದ ಇದನ್ನು ಬಿಟ್ಟುಬಿಡುವವರು ಬಹಳ. ಆದರೆ ಎ.ಎಂ.ಡಿ. ಸಂಸ್ಥೆಯು ೨೦೨೩ರಲ್ಲಿ ಹೊರತಂದ ರೈಜೆನ್ ೯ ೭೯೫೦ಎಕ್ಸ್೩ಡಿ ಎಂಬ ಪ್ರೊಸೆಸರಿನ ಸಂಗತಿಯನ್ನು ನೋಡಿ. ಅದರಲ್ಲಿ ೧೬ ತಿರುಳುಗಳು, ಎಂಟೆಂಟರಂತೆ ಎರಡು ತುಂಡು ಸಿಲಿಕಾನಿನ ಮೇಲೆ ಹಂಚಿಕೊಂಡಿವೆ. ಒಂದು ತುಂಡಿನ ಬಳಿ ೯೬ ಮೆಗಾಬೈಟು ಸಮೀಪ-ಸ್ಮೃತಿ ಇದ್ದರೆ ಇನ್ನೊಂದರ ಬಳಿ ೩೨ ಮಾತ್ರ. ಆಟಗಳಿಗೆ ಸಾಮಾನ್ಯವಾಗಿ ಹೆಚ್ಚು ಸ್ಮೃತಿಯಿರುವ ತುಂಡೇ ಹಿತ. ಆಟ ನಡೆಯುತ್ತಿದೆಯೆಂದು ತಿಳಿದೊಡನೆ ಇನ್ನೊಂದು ತುಂಡಿನ ಎಂಟು ತಿರುಳುಗಳನ್ನು ಮಲಗಿಸಿ, ಆಟವನ್ನು ತಕ್ಕ ಮನೆಯಲ್ಲೇ ಇರಿಸುವ ವ್ಯವಸ್ಥೆ ಇರುವುದು ಚಿಪ್‌ಸೆಟ್ಟಿನ ಡ್ರೈವರಿನಲ್ಲಿ. ಅದನ್ನು ಹಾಕದೆ ಬಿಟ್ಟವನು ದುಬಾರಿ ಪ್ರೊಸೆಸರನ್ನು ಕೊಂಡೂ, ಅದರ ಆಟ ತಪ್ಪು ಮನೆಯಲ್ಲಿ ನಡೆಯುತ್ತಿರುವುದನ್ನು ಅರಿಯದೆ ಇದ್ದುಬಿಡಬಹುದು.

ಎಲ್ಲಕ್ಕಿಂತ ದೊಡ್ಡ ದುಭಾಷಿ ಗ್ರಾಫಿಕ್ಸ್ ಕಾರ್ಡಿನದು. ಇದರ ಕಡತವು ಐನೂರು ಮೆಗಾಬೈಟಿಗೂ ಮಿಕ್ಕಿರುವುದು ಸಾಮಾನ್ಯ. ಒಂದು ಕಾರ್ಡಿನೊಡನೆ ಮಾತನಾಡಲು ಇಷ್ಟು ದೊಡ್ಡ ಗ್ರಂಥವೇತಕ್ಕೆ? ಏಕೆಂದರೆ ಇದು ಮಾತನ್ನು ದಾಟಿಸುವುದಷ್ಟೇ ಅಲ್ಲದೆ ಗ್ರಂಥಗಳನ್ನೇ ಅನುವಾದ ಮಾಡುತ್ತದೆ. ನೀರಿನ ಮೇಲೆ ಬೆಳಕು ಹೇಗೆ ಮಿನುಗಬೇಕು, ಗೋಡೆಯ ನೆರಳು ಎತ್ತ ಬೀಳಬೇಕು ಎಂಬುದನ್ನು ಲೆಕ್ಕ ಹಾಕುವ ಸಣ್ಣ ಸಣ್ಣ ಕಾರ್ಯಕ್ರಮಗಳು ಒಂದು ಆಟದಲ್ಲಿ ಸಾವಿರಾರು ಇರುತ್ತವೆ. ಇವಕ್ಕೆ ಶೇಡರುಗಳೆಂದು ಹೆಸರು. ಆಟದ ಕರ್ತೃವಿಗೆ ನಿಮ್ಮ ಮನೆಯ ಕಾರ್ಡು ಯಾವುದೆಂದು ಗೊತ್ತಿಲ್ಲ. ಒಂದೊಂದು ತಲೆಮಾರಿನ ಕಾರ್ಡಿನ ಯಂತ್ರಭಾಷೆಯೂ ಬೇರೆ ಬೇರೆ. ಆದುದರಿಂದ ಅವನು ಶೇಡರುಗಳನ್ನು ಒಂದು ಮಧ್ಯಮ ಭಾಷೆಯಲ್ಲಿ ಬರೆದು ಕಳುಹಿಸುತ್ತಾನೆ. ಅದನ್ನು ನಿಮ್ಮ ಕಾರ್ಡಿನ ಯಂತ್ರಭಾಷೆಗೆ ಇಳಿಸುವುದು ನಿಮ್ಮ ಯಂತ್ರದಲ್ಲಿ, ನಿಮ್ಮ ಡ್ರೈವರಿನಿಂದಲೇ ಆಗಬೇಕು. ಹೊಸ ಆಟವನ್ನು ಮೊದಲ ಸಲ ತೆರೆದಾಗ ಕೆಲವು ನಿಮಿಷ ‘ಶೇಡರುಗಳು ಸಿದ್ಧವಾಗುತ್ತಿವೆ’ ಎಂದು ಕಾಯಿಸುವುದು ಇದಕ್ಕಾಗಿ. ಡ್ರೈವರಿನ ಹೊಸ ಆವೃತ್ತಿ ಬಂದರೆ ಹಳೆಯ ಅನುವಾದಗಳು ರದ್ದಾಗಿ, ಕಾಯುವ ಕೆಲಸ ಮರಳಿ ಬರುತ್ತದೆ. ಕಾಯದೆ ಆಟಕ್ಕಿಳಿದರೆ ಅನುವಾದವು ಆಟದ ನಡುವೆಯೇ ನಡೆದು ಚಿತ್ರವು ಮುಗ್ಗರಿಸುತ್ತದೆ. ಮುಗ್ಗರಿಸಿತೆಂದು ಕಾರ್ಡನ್ನು ಬೈಯುವವರೇ ಹೆಚ್ಚು. ಅದೇ ಕಾರ್ಡು, ಅದೇ ಆಟ, ಡ್ರೈವರು ಮಾತ್ರ ಬದಲಾಗಿ ವೇಗ ಹೆಚ್ಚಿದ ಉದಾಹರಣೆಗಳೂ ಉಂಟು. ಅನುವಾದಕನು ಜಾಣನಾದರೆ ಮೂಲವೂ ಮೆರೆಯುತ್ತದೆಯಷ್ಟೆ.

ಈಗ ಈ ಲೇಖನವನ್ನು ನಾವು ಬರೆಯಹೊರಟುದಕ್ಕೆ ನಿಜವಾದ ಕಾರಣವನ್ನು ಹೇಳಬೇಕು. ಗಣಕದ ಒಳಗೆ ಎಲ್ಲ ತಂತ್ರಾಂಶಗಳಿಗೂ ಒಂದೇ ಅಧಿಕಾರವಿಲ್ಲ. ನಮ್ಮ ದೇವಾಲಯಗಳಲ್ಲಿ ಪ್ರಾಕಾರ, ನವರಂಗ, ಸುಕನಾಸಿ, ಗರ್ಭಗುಡಿ ಎಂದು ಒಂದರೊಳಗೊಂದು ಆವರಣಗಳಿರುವಂತೆ, ಇಂಟೆಲ್ ಸಂಸ್ಥೆಯು ೧೯೮೨ರಲ್ಲಿ ೮೦೨೮೬ ಎಂಬ ಪ್ರೊಸೆಸರಿನಲ್ಲಿ ನಾಲ್ಕು ಸುತ್ತುಗಳ ಅಧಿಕಾರವನ್ನು ಏರ್ಪಡಿಸಿತು. ವಿಂಡೋಸ್ ಇವುಗಳಲ್ಲಿ ಅತ್ಯಂತ ಹೊರಗಿನದನ್ನೂ ಅತ್ಯಂತ ಒಳಗಿನದನ್ನೂ ಮಾತ್ರ ಬಳಸುತ್ತದೆ. ಆಟ, ಪತ್ರ ಬರೆಯುವ ತಂತ್ರಾಂಶ, ಜಾಲ ನೋಡುವ ಬ್ರೌಸರು ಇವೆಲ್ಲ ಹೊರ ಪ್ರಾಕಾರದ ಭಕ್ತರು. ಅಲ್ಲಿ ಒಬ್ಬನು ಎಡವಿ ಬಿದ್ದರೆ ಅವನನ್ನು ಎತ್ತಿ ಹೊರಗೆ ಕಳುಹಿಸಿದರಾಯಿತು, ಪೂಜೆ ನಿಲ್ಲದು. ಸಾಧನಗಳನ್ನು ಮುಟ್ಟಬೇಕಾದ ಡ್ರೈವರುಗಳಲ್ಲಿ ಬಹುಪಾಲಿಗೆ ಗರ್ಭಗುಡಿಯ ಒಳಗೇ ಪ್ರವೇಶ. ಅಲ್ಲಿರುವವನು ಎಲ್ಲ ಸ್ಮೃತಿಯನ್ನೂ ಓದಬಲ್ಲನು, ಎಲ್ಲವನ್ನೂ ತಿದ್ದಬಲ್ಲನು. ಅವನು ಎಡವಿದರೆ ಯಂತ್ರವೇ ನಿಲ್ಲುತ್ತದೆ. ನೀಲಿ ತೆರೆಯೆಂದು ಪ್ರಸಿದ್ಧವಾದ ಆ ಸೂಚನೆಯ ಅರ್ಥ ಇದೇ.

ಎಡವುವುದು ಅಪರೂಪವೂ ಅಲ್ಲ. ಲಿನಕ್ಸ್ ವ್ಯವಸ್ಥೆಯನ್ನು ಪರೀಕ್ಷಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಡ್ರೈವರುಗಳಲ್ಲಿ ತಪ್ಪುಗಳ ಪ್ರಮಾಣವು ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚೆಂದು ೨೦೦೧ರಲ್ಲಿ ತೋರಿಸಿದರು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ನೂರಕ್ಕೆ ೮೫ ಡ್ರೈವರುಗಳಿಂದಲೇ ಆದುವೆಂದು ೨೦೦೩ರ ಒಂದು ಪ್ರಬಂಧವು ತಿಳಿಸಿತು. ೨೦೦೭ರ ವಿಸ್ಟಾದಿಂದ ಮುಂದೆ ಗ್ರಾಫಿಕ್ಸ್ ಡ್ರೈವರಿನ ದೊಡ್ಡ ಪಾಲನ್ನು ಹೊರ ಪ್ರಾಕಾರಕ್ಕೆ ಕಳುಹಿಸಲಾಯಿತು. ಕಾರ್ಡು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ಡ್ರೈವರನ್ನು ಮಾತ್ರ ಮತ್ತೆ ಎಬ್ಬಿಸುವ ಏರ್ಪಾಟೂ ಬಂದಿತು. ಆಟದ ನಡುವೆ ತೆರೆ ಒಂದು ಗಳಿಗೆ ಕಪ್ಪಾಗಿ ಮರಳುವುದನ್ನು ಕಂಡವರು ಈ ಏರ್ಪಾಟಿಗೆ ವಂದಿಸಬೇಕು.

೨೦೨೪ರ ಜುಲೈ ೧೯ರಂದು ಆದದ್ದು ಎಲ್ಲರಿಗೂ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶವು ಗರ್ಭಗುಡಿಯೊಳಗೆ ಇರುತ್ತಿತ್ತು. ಅಂದು ಅದಕ್ಕೆ ಕಳುಹಿಸಿದ ಒಂದು ಸಣ್ಣ ಕಡತವು ೨೧ ಅಂಶಗಳನ್ನು ನಿರೀಕ್ಷಿಸಿತು. ತಂತ್ರಾಂಶವು ಒದಗಿಸಿದ್ದು ೨೦. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ, ಮೈಕ್ರೊಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ಯಂತ್ರಗಳು ಕುಸಿದುವು. ವಿಮಾನಗಳು ನಿಂತುವು, ನಮ್ಮ ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟರು. ಅಲ್ಲಿ ದುರುದ್ದೇಶವೇನೂ ಇರಲಿಲ್ಲ. ದುರುದ್ದೇಶವಿದ್ದರೆ ಏನಾಗಬಹುದೆಂಬುದನ್ನು ಇದರಿಂದಲೇ ಊಹಿಸಬಹುದು.

ಅದಕ್ಕಾಗಿಯೇ ಡ್ರೈವರಿಗೆ ಅಂಕಿತ ಬೇಕೆಂಬ ನಿಯಮವಿದೆ. ಅರವತ್ತನಾಲ್ಕು ಬಿಟ್ಟಿನ ವಿಂಡೋಸ್, ವಿಸ್ಟಾದ ಕಾಲದಿಂದಲೂ, ನಂಬಿಕೆಗೆ ಅರ್ಹರಾದವರ ಅಂಕಿತವಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಅಂಕಿತವಿದ್ದ ಮಾತ್ರಕ್ಕೆ ನಿಶ್ಚಿಂತೆ ಇಲ್ಲವೆಂಬುದೂ ಸತ್ಯ. ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶದ ಡ್ರೈವರುಗಳಿಗೆ ಕದ್ದ ಅಂಕಿತಗಳಿದ್ದುವು. ಆಟಗಾರರು ಮುಖ್ಯವಾಗಿ ಗಮನಿಸಬೇಕಾದ ಪ್ರಸಂಗ ಇನ್ನೊಂದುಂಟು. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟದಲ್ಲಿ ಮೋಸ ತಡೆಯಲು ಒಂದು ಡ್ರೈವರಿದ್ದಿತು, ಅಂಕಿತವೂ ಸರಿಯಾದದ್ದೇ. ೨೦೨೨ರಲ್ಲಿ ಸುಲಿಗೆಕೋರರು ಆ ಡ್ರೈವರೊಂದನ್ನೇ ಹೊತ್ತು ತಂದು, ಆಟವೇ ಇಲ್ಲದ ಯಂತ್ರಕ್ಕೆ ಹಾಕಿ, ಅದರ ಅಧಿಕಾರದಿಂದ ಅಲ್ಲಿಯ ರಕ್ಷಣಾ ತಂತ್ರಾಂಶಗಳನ್ನು ಕೊಂದರು. ಕಾವಲುಗಾರನ ಕೀಲಿಯೇ ಕಳ್ಳನಿಗೆ ಒದಗಿತು. ಇಂದು ಅನೇಕ ಆಟಗಳು ಇಂಥ ಕಾವಲುಗಾರನಿಗೆ ಗರ್ಭಗುಡಿಯಲ್ಲಿ ಜಾಗ ಕೇಳುತ್ತವೆ. ವ್ಯಾಲರಂಟ್ ಆಟದ್ದು ಯಂತ್ರ ಎದ್ದೊಡನೆಯೇ ಒಳಹೊಕ್ಕು ಕುಳಿತುಕೊಳ್ಳುತ್ತದೆ. ಮೋಸಗಾರರ ಕಾಟವನ್ನು ನೋಡಿದರೆ ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಆದರೂ ತಂದೆಯ ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಒಂದು ಆಟಕ್ಕಾಗಿ ಇಷ್ಟು ಸಲಿಗೆ ಕೊಡುವುದು ಸರಿಯೇ ಎಂದು ಯೋಚಿಸಿ ನಿರ್ಧರಿಸುವುದು ಮೇಲು. ನಮ್ಮ ಮಟ್ಟಿಗೆ ನಾವು ಕೊಡಲಾರೆವು.

ಇಷ್ಟನ್ನು ಕೇಳಿದ ಮೇಲೆ ಡ್ರೈವರನ್ನು ಎಲ್ಲಿಂದ ತರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಡಿನದು ಕಾರ್ಡಿನ ಚಿಪ್ಪು ಮಾಡಿದವರಿಂದ, ಬೋರ್ಡಿನದು ಬೋರ್ಡು ಮಾಡಿದವರಿಂದ, ಉಳಿದದ್ದು ವಿಂಡೋಸ್‌ನಿಂದ. ‘ನಿಮ್ಮ ಎಲ್ಲ ಡ್ರೈವರುಗಳನ್ನೂ ನಾವೇ ಹುಡುಕಿ ಹಾಕುತ್ತೇವೆ’ ಎಂದು ಜಾಹೀರಾತು ಕೊಡುವ ಪುಕ್ಕಟೆ ತಂತ್ರಾಂಶಗಳನ್ನು ಮುಟ್ಟದಿರುವುದೇ ವಾಸಿ. ಗುರುತಿಲ್ಲದವನಿಗೆ ಗರ್ಭಗುಡಿಯ ಬೀಗದ ಗೊಂಚಲನ್ನೇ ಒಪ್ಪಿಸಿದಂತೆ ಅದು.

ಡ್ರೈವರುಗಳಲ್ಲದೆ ಕೆಲವು ಸಾಮಾನ್ಯ ಗ್ರಂಥಾಲಯಗಳೂ ಆಟಗಳಿಗೆ ಬೇಕಾಗುತ್ತವೆ: ವಿಷುಯಲ್ ಸಿ ಪ್ಲಸ್ ಪ್ಲಸ್‌ನ ಕಡತಗಳು, ಹಳೆಯ ಆಟಗಳಿಗೆ ೨೦೧೦ರ ಜೂನ್ ತಿಂಗಳ ಡೈರೆಕ್ಟ್‌ಎಕ್ಸ್ ಕಟ್ಟು. ‘ಇಂಥ ಡಿ.ಎಲ್.ಎಲ್. ಕಾಣೆಯಾಗಿದೆ’ ಎಂದು ಆಟವು ದೂರಿದರೆ ಆ ಒಂದೇ ಕಡತವನ್ನು ಸಿಕ್ಕಸಿಕ್ಕ ತಾಣದಿಂದ ಇಳಿಸಬಾರದು. ಮೈಕ್ರೊಸಾಫ್ಟಿನ ತಾಣದಿಂದ ಇಡಿಯ ಕಟ್ಟನ್ನೇ ಹಾಕಿಕೊಳ್ಳಬೇಕು. ಬಿಸಿ ಎಷ್ಟೇರಿದೆ ಎಂದು ನೋಡಲು ಎಚ್‌ಡಬ್ಲ್ಯೂಇನ್ಫೊದಂಥ ಒಂದು ಮಾಪಕ ತಂತ್ರಾಂಶವಿದ್ದರೆ ಒಳ್ಳೆಯದು. ವೈರಸ್ಸಿನ ರಕ್ಷಣೆ ವಿಂಡೋಸ್‌ನಲ್ಲೇ ಉಂಟು.

ಆ ರಾತ್ರಿ ಇವೆಲ್ಲವೂ ಮುಗಿಯುವಾಗ ಒಂದು ಗಂಟೆ ಹೊಡೆದಿತ್ತು. ಹಳದಿ ತ್ರಿಕೋನಗಳು ಒಂದೂ ಉಳಿದಿರಲಿಲ್ಲ. ಸ್ಮೃತಿಯ ಪಟ್ಟಿಗಳ ಡಬ್ಬಿಯ ಮೇಲೆ ೬೦೦೦ ಎಂದಿದ್ದರೂ ಅವು ೪೮೦೦ರ ವೇಗದಲ್ಲಿ ತೂಕಡಿಸುತ್ತಿದ್ದುವು, ಯು.ಇ.ಎಫ್.ಐ.ಯನ್ನು ಹೊಕ್ಕು ಎಕ್ಸ್‌ಪೊ ಎಂಬ ಆಯ್ಕೆಯನ್ನು ತೆರೆದಮೇಲೆ ಎಚ್ಚತ್ತುವು. ಚಿತ್ರದ ತಂತಿ ಬೋರ್ಡಿಗೆ ಹೋಗದೆ ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯೇ ಎಂದೂ ಬಗ್ಗಿ ನೋಡಿದೆವು, ಹೋಗಿತ್ತು. ಕೊನೆಗೆ ಒಂದು ಸಂಶಯ ಬಂದು ತೆರೆಯ ವಿವರಗಳನ್ನು ತೆಗೆದು ನೋಡಿದರೆ, ಸೆಕೆಂಡಿಗೆ ೧೬೫ ಚಿತ್ರಗಳನ್ನು ತೋರಿಸಬಲ್ಲ ಮಾನಿಟರು ೬೦ಕ್ಕೇ ನಿಂತಿತ್ತು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಆರು ಮಿಲಿಸೆಕೆಂಡಿನ ಅಂತರವಿರಬೇಕಾದಲ್ಲಿ ಹದಿನಾರೂವರೆಗೆ ಮಿಕ್ಕಿ ಇದ್ದಿತು. ತಿಂಗಳುಗಟ್ಟಲೆ ಇದನ್ನು ಗಮನಿಸದೆ ಆಡುವವರಿದ್ದಾರೆ. ೧೬೫ನ್ನು ಆರಿಸಿದೊಡನೆ ಬಾಣದ ಗುರುತು ಎಣ್ಣೆಯ ಮೇಲೆ ಜಾರಿದಂತೆ ಚಲಿಸತೊಡಗಿತು. ಹುಡುಗನು ಅದನ್ನೇ ಸುತ್ತಲೂ ಓಡಾಡಿಸುತ್ತ ಬಹಳ ಹೊತ್ತು ಕುಳಿತಿದ್ದನು. ಆಟವಿನ್ನೂ ಬಂದಿರಲಿಲ್ಲ; ನೂರು ಗಿಗಾಬೈಟಿನದು, ಅವರ ಮನೆಯ ವೈ-ಫೈನಲ್ಲಿ ಇಳಿದು ಮುಗಿಯಲು ಬೆಳಗಾಗಬೇಕಾಗಿತ್ತು.